ಹೊಸ ಉಪಾಧ್ಯಾಯರ ಮೊದಲ ವರ್ಷ

ಹೊಸದಾಗಿ ಪಾಠಶಾಲೆಗೆ ಸೇರಿದ ಉಪಾಧ್ಯಾಯಿನಿಗೆ ಪಾಠದ ವಿಷಯ ತಿಳಿಯದೆ ಕಷ್ಟವಾಗುವುದು ಅಪರೂಪ. ಕಷ್ಟ ಬರುವುದು ಬೇರೊಂದು ಕಡೆಯಿಂದ. ಮೂಲೆಯಲ್ಲೊಬ್ಬ ಹುಡುಗನು ಕಾರಣ ಹೇಳದೆ ಅಳುತ್ತಾನೆ. ಮತ್ತೊಬ್ಬನು ಪಕ್ಕದವನ ಪುಸ್ತಕವನ್ನು ಹರಿದು ನಗುತ್ತಾನೆ. ಉಳಿದ ಮಕ್ಕಳೆಲ್ಲ ‘ಮಿಸ್’ ಈಗೇನು ಮಾಡುತ್ತಾರೆಂದು ಕಾದು ನೋಡುತ್ತಾರೆ. ಮೊದಲು ತನ್ನ ಎದೆಬಡಿತವನ್ನು ಸಮಾಧಾನಕ್ಕೆ ತಂದುಕೊಂಡು ಅನಂತರ ಮಕ್ಕಳನ್ನು ಸಮಾಧಾನಪಡಿಸುವ ವಿದ್ಯೆ ಆ ಗಳಿಗೆಯಲ್ಲಿ ಬೇಕಾಗುತ್ತದೆ. ಇದಕ್ಕೆ ಈಚೆಗೆ ‘ಸಾಮಾಜಿಕ-ಭಾವನಾತ್ಮಕ ಕಲಿಕೆ’ ಎಂದು ಹೆಸರಾಗಿದೆ. ಹೆಸರು ಭಾರವಾದುದಾದರೂ ಅರ್ಥ ಸುಲಭವಾದುದೇ: ತನ್ನ ಮನಸ್ಸಿಗೆ ಏನಾಗುತ್ತಿದೆ ಎಂದು ಅರಿಯುವುದು, ಸಿಟ್ಟನ್ನು ತಡೆದುಕೊಳ್ಳುವುದು, ಪರರ ನೋವನ್ನು ಊಹಿಸುವುದು, ನಾಲ್ವರೊಡನೆ ಹೊಂದಿ ನಡೆಯುವುದು, ಆಲೋಚಿಸಿ ನಿರ್ಧರಿಸುವುದು. ಇದಕ್ಕೆ ಸಮೀಪದ ಹತ್ತು ‘ಜೀವನ ಕೌಶಲ’ಗಳನ್ನು ವಿಶ್ವ ಆರೋಗ್ಯ ಸಂಸ್ಥೆಯು 1990ರ ದಶಕದಲ್ಲಿ ಗುರುತಿಸಿತು. ಶಾಲೆಯ ಉಪಾಧ್ಯಾಯರನ್ನೇ ತರಬೇತುಗೊಳಿಸಿ ಅವರ ಮೂಲಕ ಇವುಗಳನ್ನು ಮಕ್ಕಳಿಗೆ ಮುಟ್ಟಿಸುವ ಕ್ರಮವನ್ನು ನಮ್ಮ ಊರಿನ ನಿಮ್ಹಾನ್ಸ್ ಸಂಸ್ಥೆಯೇ ಬೆಳೆಸಿತು.

ಈ ಕೆಲಸ ಬೆಂಗಳೂರಿನ ದಂಡಿನಲ್ಲಿ ಮತ್ತೂ ತೊಡಕಿನದು. 1881ರಲ್ಲಿ ಮೈಸೂರು ರಾಜ್ಯವು ಒಡೆಯರಿಗೆ ಮರಳಿದಾಗಲೂ ದಂಡು ಬ್ರಿಟಿಷರ ಕೈಯಲ್ಲಿಯೇ ಉಳಿಯಿತು. 1947ರಲ್ಲಿ ಮೈಸೂರಿಗೆ ಹಿಂದಿರುಗಿತು. 1949ರಲ್ಲಿ ಪೇಟೆಯ ಆಡಳಿತವೂ ದಂಡಿನ ಆಡಳಿತವೂ ಒಂದೇ ನಗರಸಭೆಯೊಳಗೆ ಸೇರಿದುವು. ಭಾಷೆಗಳು ಮಾತ್ರ ಒಂದಾಗಲಿಲ್ಲ; ಆಗಬೇಕಾಗಿಯೂ ಇರಲಿಲ್ಲ. ಶಿವಾಜಿನಗರದ ಮಗು ಮನೆಯಲ್ಲಿ ದಖನಿ ಉರ್ದುವನ್ನಾಡುತ್ತದೆ, ಹಲಸೂರಿನ ಮಗು ತಮಿಳನ್ನಾಡುತ್ತದೆ. ಕೃಷ್ಣರಾಜಪುರದ ಕಡೆ ಕಟ್ಟಡದ ಕೂಲಿಗೆ ಬಂದ ರಾಯಚೂರು, ಕಲಬುರಗಿಯ ಕುಟುಂಬಗಳ ಮಕ್ಕಳದು ಕನ್ನಡವೇ ಸರಿ. ಆದರೆ ತುಮಕೂರಿನಿಂದಲೋ ಹಾಸನದಿಂದಲೋ ಬಂದ ಉಪಾಧ್ಯಾಯಿನಿಗೆ ಆ ಕನ್ನಡ ಅರ್ಧ ಅಪರಿಚಿತ. ಗಣಿತದ ಲೆಕ್ಕವನ್ನು ಶಾಲೆಯ ಭಾಷೆಯಲ್ಲಿ ಮಾಡುವ ಮಗುವೂ ಅಳುವುದನ್ನು ಮನೆಯ ಭಾಷೆಯಲ್ಲಿಯೇ ಮಾಡುತ್ತದೆ. ‘ಗುಸ್ಸಾ’, ‘ಕೋಬಂ’, ‘ಸಿಟ್ಟು’ ಎಂಬ ಮೂರು ಮಾತುಗಳನ್ನು ಕಪ್ಪುಹಲಗೆಯ ಮೇಲೆ ಒಂದರ ಕೆಳಗೊಂದು ಬರೆದು, ಮಕ್ಕಳಿಂದಲೇ ಮುಂದಿನ ಮಾತುಗಳನ್ನು ಕೇಳಿ ಪಟ್ಟಿ ಬೆಳೆಸುವುದಕ್ಕೆ ಕಾಸಿನ ಖರ್ಚಿಲ್ಲ. ‘ಬ್ಯಾಸರ’ ಎಂದವನನ್ನು ಸೋಮಾರಿಯೆಂದು ಭಾವಿಸುವ ಮುನ್ನ, ಅವನ ಊರಿನಲ್ಲಿ ಆ ಮಾತು ಎಷ್ಟು ದುಃಖವನ್ನು ಹೊರುತ್ತದೆಂದು ಅವನನ್ನೇ ವಿಚಾರಿಸಬಹುದು. ಹೆಸರಿಡಲು ಬಾರದ ನೋವು ಬಹುಮಟ್ಟಿಗೆ ಕೈಯೆತ್ತಿ ಹೊಡೆಯುವುದರಲ್ಲಿ ಕೊನೆಗೊಳ್ಳುತ್ತದೆ.

ಹೊಡೆಯುವ ಮಾತು ಬಂದುದರಿಂದ ಇನ್ನೊಂದು ಸಂಗತಿಯನ್ನು ಹೇಳಬೇಕು. 2009ರ ಶಿಕ್ಷಣ ಹಕ್ಕಿನ ಕಾಯಿದೆಯ 17ನೆಯ ವಿಧಿಯು ದೇಹದಂಡನೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. ಅದು ನ್ಯಾಯವೇ. ಆದರೆ ಬೆತ್ತವನ್ನು ಕಿತ್ತುಕೊಂಡ ಕೈಗೆ ಬದಲಾಗಿ ಏನನ್ನು ಕೊಟ್ಟೆವು? ಬಿ.ಎಡ್. ತರಬೇತಿ ಈಗ ಎರಡು ವರ್ಷದ್ದಾಗಿದೆ. ಅದರಲ್ಲಿ ಪಾಠಯೋಜನೆಯನ್ನು ಬರೆದು ಬರೆದು ಬೆರಳು ಸವೆಯುತ್ತದೆ. ಸಿಟ್ಟು ನೆತ್ತಿಗೇರಿದಾಗ ಮಾಡಬೇಕಾದುದೇನೆಂಬುದಕ್ಕೆ ಅಲ್ಲಿ ಸಿಕ್ಕುವ ಜಾಗ ಅಲ್ಪ.

ಉಪಾಧ್ಯಾಯರ ಮನಸ್ಸು ಅವರ ಸ್ವಂತ ವಿಷಯವೆಂದು ತಿಳಿಯುವವರುಂಟು. ಕೆನಡಾ ದೇಶದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಒಂದು ಸಂಶೋಧನೆ ಬೇರೆ ಕಥೆಯನ್ನು ಹೇಳುತ್ತದೆ. 17 ಮಂದಿ ಉಪಾಧ್ಯಾಯರ ಕೈಕೆಳಗೆ ಓದುತ್ತಿದ್ದ 406 ಮಕ್ಕಳ ಜೊಲ್ಲನ್ನು ಪರೀಕ್ಷಿಸಲಾಯಿತು. ದಣಿದು ಬತ್ತಿಹೋದೆನೆಂದು ಹೇಳಿಕೊಂಡ ಉಪಾಧ್ಯಾಯರ ತರಗತಿಯ ಮಕ್ಕಳಲ್ಲಿ, ಒತ್ತಡದ ಕಾಲಕ್ಕೆ ಏರುವ ಕಾರ್ಟಿಸಾಲ್ ಎಂಬ ಗ್ರಂಥಿರಸವು ಬೆಳಗಿನ ವೇಳೆಯಲ್ಲಿ ಹೆಚ್ಚಾಗಿ ಕಂಡುಬಂದಿತು. ಗುರುವಿನ ದಣಿವು ಮಕ್ಕಳನ್ನು ಕಾಡಿತೋ, ಮಕ್ಕಳ ಕಾಟ ಗುರುವನ್ನು ದಣಿಸಿತೋ, ಆ ಲೆಕ್ಕದಿಂದ ನಿರ್ಣಯವಾಗುವುದಿಲ್ಲ. ಎರಡೂ ಒಂದೇ ಕೋಣೆಯಲ್ಲಿ ಕೂಡಿ ಬಾಳುತ್ತವೆಂಬಷ್ಟು ಮಾತ್ರ ಖಚಿತ.

ಹಾಗಾದರೆ ನೆರವಾಗುವವರು ಯಾರು? 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಉಪಾಧ್ಯಾಯರಿಗೆ ವರ್ಷಕ್ಕೆ 50 ಗಂಟೆಗಳ ಮುಂದುವರಿದ ಕಲಿಕೆಯನ್ನು ಹೇಳಿದೆ. ಅನುಭವಿಗಳು ಮಾರ್ಗದರ್ಶನ ಮಾಡುವ ರಾಷ್ಟ್ರೀಯ ಯೋಜನೆಯೊಂದನ್ನೂ ಸೂಚಿಸಿದೆ. ನಮ್ಮ ರಾಜ್ಯದಲ್ಲಿ ಸಮೂಹ ಸಂಪನ್ಮೂಲ ವ್ಯಕ್ತಿಗಳೆಂಬವರಿದ್ದಾರೆ. ಶಾಲೆಗಳಿಗೆ ಬೆಂಬಲವಾಗಬೇಕಾದ ಇವರ ತಲೆಯ ಮೇಲೆ ಅಂಕಿ ಅಂಶಗಳ ಹೊರೆಯೂ ಇದೆ. ಇವೆಲ್ಲವೂ ಇರಲಿ. ಆದರೆ ಹೊಸಬರ ಮನಸ್ಸಿಗೆ ಹತ್ತಿರವಾಗಬೇಕಾದವರು ಅದೇ ಶಾಲೆಯ ಹಿರಿಯ ಸಹೋದ್ಯೋಗಿಗಳು ಎಂಬುದು ನಮ್ಮ ದೃಢವಾದ ಅಭಿಪ್ರಾಯ. ಆ ಹಿರಿಯರು ಮುಖ್ಯೋಪಾಧ್ಯಾಯರಾಗಿರಕೂಡದು, ತಪಾಸಣೆಯ ಅಧಿಕಾರಿಯಂತೂ ಕೂಡದೇ ಕೂಡದು. ಕೆಲಸದ ಬಗ್ಗೆ ವರದಿ ಬರೆಯುವವರ ಮುಂದೆ ‘ನಿನ್ನೆ ನಾನು ಬಚ್ಚಲಿಗೆ ಹೋಗಿ ಅತ್ತೆ’ ಎಂದು ಹೇಳುವವರಾರು?

ವಾರಕ್ಕೆ ಅರ್ಧ ಗಂಟೆ ಸಾಕು. ಅದನ್ನು ವೇಳಾಪಟ್ಟಿಯಲ್ಲಿಯೇ ಬರೆದಿಡಬೇಕು. ಬಿಡುವಾದಾಗ ಮಾತನಾಡೋಣವೆಂದರೆ ಶಾಲೆಯಲ್ಲಿ ಬಿಡುವೆಂಬುದು ಬರುವುದೇ ಇಲ್ಲ. ಅಲ್ಲಿ ಪಾಠದ ಗುಣದೋಷಗಳ ವಿಮರ್ಶೆ ಬೇಡ. ಈ ವಾರ ಯಾವ ಮಗು ನಿಮ್ಮನ್ನು ಹೆಚ್ಚು ಕಾಡಿತು? ಆಗ ನಿಮಗೇನೆನಿಸಿತು? ಅನಂತರ ಏನು ಮಾಡಿದಿರಿ? ಹೀಗೆ ಕೇಳಿ, ಉತ್ತರ ಮುಗಿಯುವ ತನಕ ಸುಮ್ಮನಿರುವ ತಾಳ್ಮೆ ಹಿರಿಯರಿಗಿರಬೇಕು. ‘ನಮ್ಮ ಕಾಲದಲ್ಲಿ’ ಎಂಬ ಮಾತನ್ನು ಅವರು ಆ ಅರ್ಧ ಗಂಟೆಯಾದರೂ ಬಿಟ್ಟಿರುವುದು ಲೇಸು. ಹೊಸಬರ ತರಗತಿಗೆ ಹಿರಿಯರು ಹೋಗುವುದಕ್ಕಿಂತ ಹಿರಿಯರ ತರಗತಿಯಲ್ಲಿ ಹೊಸಬರು ಹಿಂದಿನ ಬೆಂಚಿನಲ್ಲಿ ಕುಳಿತು ನೋಡುವುದು ಮೊದಲಾಗಲಿ. ಇಪ್ಪತ್ತು ವರ್ಷ ಪಾಠ ಹೇಳಿದವರಿಗೂ ಸಿಟ್ಟು ಬರುತ್ತದೆ, ಅವರು ಅದನ್ನು ಹೇಗೆ ನುಂಗಿಕೊಳ್ಳುತ್ತಾರೆ ಎಂಬುದು ಕಣ್ಣಿಗೆ ಕಾಣಬೇಕು.

ಇದಿಷ್ಟೇ ಸಾಲದು. ಎಲ್ಲರಿಗೂ ಬೇಡವಾದ ತರಗತಿಯನ್ನು ಹೊಸಬರಿಗೆ ಕಟ್ಟುವ ಹಳೆಯ ಪದ್ಧತಿಯನ್ನು ಆಡಳಿತದವರು ಬಿಡಬೇಕು. ಇಂದಿರಾನಗರದ ಕಡೆಯ ಖಾಸಗಿ ಶಾಲೆಗಳಲ್ಲಿ ತೊಂದರೆಯ ಬಣ್ಣ ಬೇರೆ: ರಾತ್ರಿ ಹತ್ತು ಗಂಟೆಗೆ ತಂದೆತಾಯಿಗಳು ಕಳುಹಿಸುವ ವಾಟ್ಸಾಪ್ ಸಂದೇಶಗಳು. ಸಂಜೆ ಇಂತಿಷ್ಟು ಹೊತ್ತಿನ ಮೇಲೆ ಉಪಾಧ್ಯಾಯರು ಉತ್ತರಿಸಬೇಕಾಗಿಲ್ಲವೆಂದು ಪೋಷಕರಿಗೆ ತಿಳಿಸುವ ಹೊಣೆ ಶಾಲೆಯದು. ಕೆಲಸಕ್ಕೆ ಸೇರಿ ತಿಂಗಳಾದ ಹುಡುಗಿಯೊಬ್ಬಳು ಅದನ್ನು ಹೇಗೆ ಹೇಳಿಯಾಳು?

ಸಹೋದ್ಯೋಗಿಯ ಸಾಂತ್ವನಕ್ಕೂ ಒಂದು ಎಲ್ಲೆಯುಂಟು. ವಾರಗಟ್ಟಲೆ ನಿದ್ದೆ ಬಾರದೆ ಇದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡವೆನಿಸಿದರೆ ಬಲ್ಲವರನ್ನೇ ಕಾಣಬೇಕು. ಭಾರತ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ-ಮಾನಸ್ ಸೇವೆಯ ದೂರವಾಣಿ ಸಂಖ್ಯೆ 14416. ಇದರ ಮೇಲುಸ್ತುವಾರಿಯಲ್ಲಿ ನಿಮ್ಹಾನ್ಸ್‌ಗೆ ಮುಖ್ಯ ಪಾತ್ರವಿದೆ. ಹಗಲು ರಾತ್ರಿ ಯಾವ ಹೊತ್ತಿನಲ್ಲಿಯೂ ಹಣವಿಲ್ಲದೆ ಕನ್ನಡದಲ್ಲಿಯೇ ಮಾತನಾಡಬಹುದು. ಉಪಾಧ್ಯಾಯರ ಕೊಠಡಿಯ ಗೋಡೆಯ ಮೇಲೆ ರಜಾದಿನಗಳ ಪಟ್ಟಿಯ ಪಕ್ಕದಲ್ಲಿ ಈ ಸಂಖ್ಯೆಯನ್ನೂ ಅಂಟಿಸಿಡುವಂತೆ ಮುಖ್ಯೋಪಾಧ್ಯಾಯರನ್ನು ಕೇಳಿಕೊಳ್ಳುತ್ತೇವೆ.