ಈರಿ ಕೌಂಟಿಯ ಮತದಾರರನ್ನು ಒಲಿಸಿದ್ದು ಯಾರು?

1940ರ ಮೇ ತಿಂಗಳಲ್ಲಿ ಅಮೆರಿಕದ ಒಹಾಯೊ ರಾಜ್ಯದ ಈರಿ ಕೌಂಟಿಯಲ್ಲಿ ಸಂದರ್ಶಕರ ತಂಡವೊಂದು ನಾಲ್ಕು ಮನೆಗೊಂದರಂತೆ ಬಾಗಿಲು ತಟ್ಟುತ್ತ ಹೊರಟಿತು. ಸಂದರ್ಶಕರಲ್ಲಿ ಹೆಚ್ಚಿನವರು ಅದೇ ಊರಿನ ಹೆಂಗಸರು. ಸರೋವರದ ದಂಡೆಯ ಸ್ಯಾಂಡಸ್ಕಿ ಪಟ್ಟಣ, ಸುತ್ತ ರೈತರ ಹೊಲಗಳು, ಒಟ್ಟು ಸುಮಾರು 43,000 ಜನ: ಇಷ್ಟೇ ಈ ಕೌಂಟಿ. ಆದರೆ ಇಪ್ಪತ್ತನೆಯ ಶತಮಾನದಲ್ಲಿ ಅಲ್ಲಿಯವರೆಗೆ ನಡೆದ ಅಧ್ಯಕ್ಷೀಯ ಚುನಾವಣೆಗಳಲ್ಲಿ ಇಲ್ಲಿನ ಮತಗಳ ಪ್ರಮಾಣ ಇಡೀ ದೇಶದ ಪ್ರಮಾಣಕ್ಕೆ ತೀರ ಹತ್ತಿರವಿತ್ತು. ಸಂಶೋಧಕರು ಈ ಕೌಂಟಿಯನ್ನು ಆರಿಸಿಕೊಳ್ಳಲು ಅದೂ ಒಂದು ಕಾರಣ.

ತಂಡದ ಮುಖ್ಯಸ್ಥ ಕೊಲಂಬಿಯಾ ವಿಶ್ವವಿದ್ಯಾಲಯದ ಪಾಲ್ ಲಾಜರ್ಸ್‌ಫೆಲ್ಡ್. ವಿಯೆನ್ನಾದಲ್ಲಿ ಹುಟ್ಟಿ ಗಣಿತ ಓದಿದವರು. ಜನ ಒಂದು ವಸ್ತುವನ್ನು ಬಿಟ್ಟು ಇನ್ನೊಂದನ್ನು ಏಕೆ ಕೊಳ್ಳುತ್ತಾರೆ ಎಂಬ ಮಾರುಕಟ್ಟೆ ಸಮೀಕ್ಷೆಗಳಲ್ಲಿ ಪಳಗಿದವರು. ಬರ್ನಾರ್ಡ್ ಬೆರೆಲ್ಸನ್ ಮತ್ತು ಹೇಜಲ್ ಗೊಡೆ ಅವರ ಜೊತೆಗಾರರು. ರೇಡಿಯೊ ಮೈಕಿನ ಹಿಂದೆ ಕೂತವನು ಕೇಳುಗರ ಮನಸ್ಸನ್ನು ಬೇಕಾದಂತೆ ತಿರುಗಿಸಬಲ್ಲ ಎಂಬ ಭಯ ಆಗ ಎಲ್ಲೆಡೆ ಇತ್ತು. ಜರ್ಮನಿಯ ನಾಜಿ ಪ್ರಚಾರ ಕಣ್ಣೆದುರಿಗಿತ್ತು. ಮಂಗಳ ಗ್ರಹದವರು ದಾಳಿ ಮಾಡಿದರೆಂಬ 1938ರ ರೇಡಿಯೊ ನಾಟಕವನ್ನು ನಿಜವೆಂದೇ ನಂಬಿ ಹೆದರಿದವರ ಸುದ್ದಿ ಇನ್ನೂ ಹಸಿಯಾಗಿತ್ತು. ಆ ವರ್ಷದ ಚುನಾವಣೆಯಲ್ಲಿ ಮೂರನೆಯ ಅವಧಿಗೆ ನಿಂತಿದ್ದ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷ ರೂಸ್ವೆಲ್ಟ್ ಎದುರು ರಿಪಬ್ಲಿಕನ್ ಪಕ್ಷದ ವೆಂಡೆಲ್ ವಿಲ್ಕಿ ಸ್ಪರ್ಧಿಸಿದ್ದರು. ಪತ್ರಿಕೆ, ರೇಡಿಯೊಗಳು ಮತವನ್ನು ಹೇಗೆ ಬದಲಿಸುತ್ತವೆ ಎಂದು ಅಳೆಯಲು ಇದು ತಕ್ಕ ಸಂದರ್ಭವಾಗಿತ್ತು.

ಆದರೆ ಆ ಕಾಲದ ಜನಾಭಿಪ್ರಾಯ ಸಂಗ್ರಹಕ್ಕೆ ಒಂದು ಮಿತಿಯಿತ್ತು. ಪ್ರತಿ ಸಲವೂ ಬೇರೆ ಬೇರೆ ಜನರನ್ನು ಕೇಳುತ್ತಿದ್ದರು. ನೂರು ಜನ ಆ ಪಕ್ಷದಿಂದ ಈ ಪಕ್ಷಕ್ಕೆ, ಇನ್ನೂ ನೂರು ಜನ ಈ ಪಕ್ಷದಿಂದ ಆ ಪಕ್ಷಕ್ಕೆ ಹಾರಿದರೂ ಲೆಕ್ಕದಲ್ಲಿ ಏನೂ ಆಗಿಲ್ಲವೆಂದೇ ಕಾಣುತ್ತಿತ್ತು. ಹಾಗಾಗಿ ಲಾಜರ್ಸ್‌ಫೆಲ್ಡ್ ಒಂದೇ 600 ಮಂದಿಯನ್ನು ಮೇ ತಿಂಗಳಿಂದ ನವೆಂಬರ್‌ವರೆಗೆ ತಿಂಗಳು ತಿಂಗಳೂ ಮಾತನಾಡಿಸಿದರು. ಪದೇ ಪದೇ ಕೇಳುವುದರಿಂದಲೇ ಉತ್ತರ ಬದಲಾದರೆ? ಆ ಅನುಮಾನಕ್ಕೆ 600 ಜನರ ಇನ್ನೂ ಮೂರು ಗುಂಪುಗಳನ್ನು ಕಟ್ಟಿ, ಒಂದೊಂದನ್ನೂ ಬೇರೆ ಬೇರೆ ತಿಂಗಳಲ್ಲಿ ಒಮ್ಮೆ ಮಾತ್ರ ಮತ್ತೆ ಕೇಳಿ ಹೋಲಿಸಿದರು. ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಬಂದ ಉತ್ತರಗಳು ಪ್ರಚಾರದ ಮೇಲಿನ ನಂಬಿಕೆಯನ್ನು ಅಲುಗಿಸಿದವು. ಸುಮಾರು ಅರ್ಧದಷ್ಟು ಜನ ಪ್ರಚಾರ ಬಿಸಿಯೇರುವ ಮುಂಚೆ, ಮೇ ತಿಂಗಳಲ್ಲೇ ತೀರ್ಮಾನ ಮಾಡಿಬಿಟ್ಟಿದ್ದರು. ಒಂದು ಪಕ್ಷದಿಂದ ನೇರ ಇನ್ನೊಂದಕ್ಕೆ ದಾಟಿದವರು ನೂರಕ್ಕೆ ಎಂಟರಷ್ಟು ಮಾತ್ರ. ಸ್ಥಿತಿವಂತ ಪ್ರಾಟೆಸ್ಟೆಂಟ್ ರೈತರಲ್ಲಿ ನೂರಕ್ಕೆ ಸುಮಾರು 75 ಮಂದಿ ರಿಪಬ್ಲಿಕನ್ನರ ಕಡೆ. ಸ್ಯಾಂಡಸ್ಕಿಯ ಕ್ಯಾಥೊಲಿಕ್ ಕಾರ್ಮಿಕರಲ್ಲಿ ನೂರಕ್ಕೆ 80 ಮಂದಿ ಡೆಮಾಕ್ರಟರ ಕಡೆ. ಮನೆಯವರಲ್ಲಿ ಯಾರಾದರೂ ಬೇರೆ ಪಕ್ಷಕ್ಕೆ ಮತ ಹಾಕಿದ್ದಾರೆಂದವರು ನೂರಕ್ಕೆ ನಾಲ್ಕೇ ಮಂದಿ. ಹಣ ಒಂದು ಕಡೆ, ಧರ್ಮ ಇನ್ನೊಂದು ಕಡೆ ಎಳೆಯುತ್ತಿದ್ದವರು, ಉದಾಹರಣೆಗೆ ಸಿರಿವಂತ ಕ್ಯಾಥೊಲಿಕರು, ತೀರ್ಮಾನವನ್ನು ಮುಂದೂಡುತ್ತ ಹೋದರು. ಇನ್ನೂ ವಿಚಿತ್ರವೆಂದರೆ, ಪ್ರಚಾರವನ್ನು ಹೆಚ್ಚು ಓದಿ ಕೇಳಿದವರು ಆಗಲೇ ಪಕ್ಷ ಹಿಡಿದವರು. ಯಾರನ್ನು ಒಲಿಸಲು ಅಷ್ಟೆಲ್ಲ ಭಾಷಣವೋ ಅವರ ಕಿವಿಗೆ ಅದು ಬಿದ್ದದ್ದೇ ಕಡಿಮೆ.

ಹಾಗಾದರೆ ಬದಲಾದ ಕೆಲವರನ್ನು ಬದಲಿಸಿದ್ದು ಯಾರು? ಇತ್ತೀಚೆಗೆ ಚುನಾವಣೆಯ ವಿಷಯ ಎಲ್ಲಿ ಕೇಳಿದಿರಿ ಎಂದಾಗಲೆಲ್ಲ ಪತ್ರಿಕೆ, ರೇಡಿಯೊಗಿಂತ ಹೆಚ್ಚು ಸಲ ಬಂದ ಉತ್ತರ ಜನರೊಡನೆ ಆಡಿದ ಮಾತು. ಹೋಟೆಲಿನ ಪರಿಚಾರಿಕೆಯೊಬ್ಬಳು ವಿಲ್ಕಿಯನ್ನು ಕೈಬಿಟ್ಟಿದ್ದಳು. ಅವಳು ಪತ್ರಿಕೆಯನ್ನೂ ಅಷ್ಟಿಷ್ಟು ಓದಿದ್ದುಂಟು. ಆದರೆ ನಿಜವಾದ ಕಾರಣ, ಊಟಕ್ಕೆ ಬಂದ ಗಿರಾಕಿಗಳು ತಮ್ಮ ತಮ್ಮಲ್ಲಿ ಆಡಿಕೊಂಡ ಮಾತು. ಇತರರು ಸಲಹೆ ಕೇಳುವಂಥ ಕೆಲವರು ಪ್ರತಿ ವರ್ಗದಲ್ಲೂ, ಪ್ರತಿ ಕಸುಬಿನಲ್ಲೂ ಇದ್ದರು. ಓದುವವರು, ರೇಡಿಯೊ ಕೇಳುವವರು ಹೆಚ್ಚಾಗಿ ಇವರೇ. ಸುದ್ದಿ ಮೊದಲು ಇವರಿಗೆ, ಇವರಿಂದ ಉಳಿದವರಿಗೆ ಹರಿಯುತ್ತಿರಬೇಕು ಎಂದು 1944ರಲ್ಲಿ ಪ್ರಕಟವಾದ ‘ದ ಪೀಪಲ್ಸ್ ಚಾಯ್ಸ್’ ಪುಸ್ತಕ ಊಹಿಸಿತು. ‘ಎರಡು ಹಂತದ ಹರಿವು’ ಎಂದು ಹೆಸರಾದ ಸಿದ್ಧಾಂತ ಇದೇ.

ಅದು ಇನ್ನೂ ಊಹೆಯೇ ಆಗಿತ್ತು. ಆರಿಸಿದ 600 ಜನ ಒಬ್ಬರಿಗೊಬ್ಬರು ಸಂಬಂಧವಿಲ್ಲದವರು. ಯಾರು ಯಾರಿಗೆ ಹೇಳಿದರೆಂದು ಜಾಡು ಹಿಡಿಯುವ ದಾರಿ ಅಲ್ಲಿರಲಿಲ್ಲ. ಅದಕ್ಕಾಗಿ 1945ರಲ್ಲಿ ಇಲಿನಾಯ್ ರಾಜ್ಯದ ಡೆಕೇಟರ್ ಊರಿನಲ್ಲಿ ಸುಮಾರು 800 ಹೆಂಗಸರನ್ನು ಮಾತನಾಡಿಸಿ, ಅವರು ಹೆಸರಿಸಿದವರ ಬಳಿಗೂ ಹೋದರು. ಮತದಾನದ ಅಧ್ಯಯನ 1948ರಲ್ಲಿ ನ್ಯೂಯಾರ್ಕ್ ರಾಜ್ಯದ ಎಲ್ಮೈರಾದಲ್ಲಿ ಮುಂದುವರಿಯಿತು.

ಒಂದು ಕೌಂಟಿ, ಒಂದು ಚುನಾವಣೆ, ಅದೂ ಟಿವಿ ಮನೆಮನೆಗೆ ಬರುವ ಮುಂಚಿನ ಮಾತು. ಹುಟ್ಟು, ಹಣ, ಧರ್ಮಗಳೇ ಮತವನ್ನು ಬರೆದಿಟ್ಟಿರುತ್ತವೆ ಎಂದು ಇದರಿಂದ ಸಾರುವುದು ಅತಿಯಾದೀತು. ಉಳಿದು ಬಂದದ್ದು ವಿಧಾನ. ಯಾರು ಗೆದ್ದರೆಂದು ಮತಪೆಟ್ಟಿಗೆ ಹೇಳುತ್ತದೆ. ಮತದಾರರ ಮನಸ್ಸು ಯಾವಾಗ, ಯಾರ ಮಾತಿಗೆ ತಿರುಗಿತೆಂದು ತಿಳಿಯಬೇಕಾದರೆ ಅದೇ ಮತದಾರರ ಬಳಿಗೆ ಮತ್ತೆ ಮತ್ತೆ ಹೋಗಬೇಕು. ಅಮೆರಿಕದ ಚುನಾವಣಾ ಅಧ್ಯಯನಗಳು ಈಗಲೂ ಆ ವಿಧಾನವನ್ನು ಬಳಸುತ್ತಿವೆ.