ಇಂದು ಒಂದು ದಿನದ ವ್ರತ



ನಮ್ಮ ಭಾಗದ ಒಬ್ಬ ರೈತ ಮೂರು ಸಲ ಶ್ರೀಮಠಕ್ಕೆ ಬಂದು ತನ್ನ ಕುಡಿತವನ್ನು ನಮ್ಮ ಜೋಳಿಗೆಗೆ ಹಾಕಿ ಹೋದ. "ಅಜ್ಜಾರ, ಸಾಯೋತನಕ ಮುಟ್ಟಂಗಿಲ್ರಿ" ಎಂದು ಇಷ್ಟಲಿಂಗ ಹಿಡಿದು ಪ್ರಮಾಣ ಮಾಡಿದ. ಮೂರು ಸಲವೂ ತಿಂಗಳು ತುಂಬುವುದರೊಳಗೆ ಪ್ರಮಾಣ ಮುರಿಯಿತು. ಕೊನೆಗೆ ನಾವು ಸಿಟ್ಟಿನಿಂದ, "ಮಾತಿಗೆ ತಪ್ಪಿದವನು ಮಠದ ಮೆಟ್ಟಿಲು ಹತ್ತಬೇಡ" ಎಂದುಬಿಟ್ಟೆವು. ಆತ ಹತ್ತಲಿಲ್ಲ. ಎರಡು ವರ್ಷ ಜಾತ್ರೆಗೂ ಬರಲಿಲ್ಲ. ಅಷ್ಟರಲ್ಲಿ ಹೊಲ ಮಾರಾಟವಾಯಿತು, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ತವರು ಸೇರಿದಳು.

ಹೋದ ಶ್ರಾವಣದಲ್ಲಿ ಆತ ಮರಳಿ ಬಂದ. ಕುಡಿತ ಬಿಟ್ಟು 14 ತಿಂಗಳಾಗಿತ್ತು. "ಈ ಸಲ ಯಾವ ಆಣೆ ಮಾಡಿದೆಪ್ಪಾ?" ಎಂದು ಕೇಳಿದೆವು. "ಆಣೆ ಏನೂ ಇಲ್ರಿ ಅಜ್ಜಾರ. ಇವತ್ತೊಂದು ದಿನ ಕುಡಿಯೂದಿಲ್ಲ ಅಂತ ದಿನಾ ಮುಂಜಾನೆ ಅಂದ್ಕೋತೀನಿ. ವಾರಕ್ಕೊಮ್ಮೆ ಸಭಾಕ್ಕ ಹೋಗಿ ನನ್ನಂಥವರ ನಡುವ ಕುಂದರ್ತೀನಿ" ಎಂದ. ನಾವು ಜೀವಮಾನದ ವ್ರತವನ್ನು ಒಮ್ಮೆಗೇ ಬೇಡಿದ್ದೆವು, ಆ ಸಭೆ ಒಂದೇ ದಿನದ ವ್ರತವನ್ನು ಬೇಡಿತ್ತು. ನಮ್ಮ ತಪ್ಪು ನಮಗೆ ಅಂದು ತಿಳಿಯಿತು.

ಜೋಳಿಗೆ ಹಿಡಿಯುವುದು ತಪ್ಪಲ್ಲ. ಇಳಕಲ್ಲ ಚಿತ್ತರಗಿ ಮಠದ ಲಿಂಗೈಕ್ಯ ಡಾ. ಮಹಾಂತ ಸ್ವಾಮಿಗಳು 1975ರಲ್ಲಿ ಮಹಾಂತ ಜೋಳಿಗೆಯನ್ನು ಆರಂಭಿಸಿ, ಊರೂರು ತಿರುಗಿ ದುಶ್ಚಟಗಳ ಭಿಕ್ಷೆ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ನಾಡು ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಆದರೆ ಜೋಳಿಗೆಗೆ ಹಾಕಿದ ಮೇಲೆ ಮನುಷ್ಯ ಒಬ್ಬನೇ ಮನೆಗೆ ನಡೆಯಬೇಕು. ದಾರಿಯಲ್ಲಿ ಅಂಗಡಿ ಇದೆ, ಹಳೆಯ ಗೆಳೆಯರಿದ್ದಾರೆ. ಆ ದಾರಿಗೆ ಸಂಗಡಿಗರು ಬೇಕು.

ಆ ರೈತ ಹೇಳಿದ ಸಭೆ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಬಳಗದ್ದು. ಜನ ಅದನ್ನು ಎ.ಎ. ಎನ್ನುತ್ತಾರೆ. 1935ರಲ್ಲಿ ಅಮೆರಿಕದ ಆಕ್ರನ್ ನಗರದಲ್ಲಿ ಅದು ಹುಟ್ಟಿತು. ಕುಡಿತ ಬಿಟ್ಟು ಐದು ತಿಂಗಳಾಗಿದ್ದ ಬಿಲ್ ವಿಲ್ಸನ್ ಎಂಬ ಷೇರು ವ್ಯವಹಾರಸ್ಥರು ಕೆಲಸದ ಮೇಲೆ ಆ ಪರಊರಿಗೆ ಬಂದಿದ್ದರು. ಕೆಲಸ ಕೆಟ್ಟಿತು, ಮನಸ್ಸು ಮತ್ತೆ ಮದ್ಯದ ಕಡೆಗೆ ಎಳೆಯಿತು. ಆಗ ಅವರು ತಮ್ಮಂತೆಯೇ ಕುಡಿತದಲ್ಲಿ ನರಳುವ ಮತ್ತೊಬ್ಬರನ್ನು ಹುಡುಕಿದರು. ಸಿಕ್ಕವರು ಶಸ್ತ್ರವೈದ್ಯ ಡಾ. ರಾಬರ್ಟ್ ಸ್ಮಿತ್. ಇಬ್ಬರೂ ತಮ್ಮ ತಮ್ಮ ಕಥೆ ಹೇಳಿಕೊಂಡರು, ಇಬ್ಬರೂ ಉಳಿದರು. ಇನ್ನೊಬ್ಬನನ್ನು ಎತ್ತಲು ಹೋದವನು ತಾನೂ ಎದ್ದು ನಿಲ್ಲುತ್ತಾನೆ ಎಂಬುದೇ ಈ ಬಳಗದ ತಿರುಳು.

ಸಭೆಯಲ್ಲಿ ಉಪದೇಶವಿಲ್ಲ, ಬೈಗುಳವಿಲ್ಲ. ಒಬ್ಬೊಬ್ಬರಾಗಿ ತಮ್ಮ ಅನುಭವ ಹೇಳುತ್ತಾರೆ, ಉಳಿದವರು ಕೇಳುತ್ತಾರೆ. ಮಾತನಾಡಲು ಮನಸ್ಸಿಲ್ಲದವನು ಸುಮ್ಮನೆ ಕೂರಬಹುದು. ಅಲ್ಲಿ ಕೇಳಿದ್ದನ್ನು ಹೊರಗೆ ಆಡಬಾರದು. ಶುಲ್ಕವಿಲ್ಲ, ಜಾತಿ ಕೇಳುವುದಿಲ್ಲ. ಕುಡಿತ ಬಿಡಬೇಕೆಂಬ ಇಚ್ಛೆಯೊಂದೇ ಪ್ರವೇಶ. ಸಭೆ ಕೆಲವು ಕಡೆ ಶಾಲೆಯಲ್ಲಿ, ಕೆಲವು ಕಡೆ ಚರ್ಚಿನ ಕೋಣೆಯಲ್ಲಿ ನಡೆಯುತ್ತದೆ. ಅದನ್ನು ಕಂಡು ಹಿರಿಯರು ಅಂಜಬೇಕಿಲ್ಲ. ಅದು ಯಾವ ಮತಕ್ಕೂ ಸೇರಿದ್ದಲ್ಲ. ಅವರವರು ನಂಬಿದ ದೇವರನ್ನು ಅವರವರು ನೆನೆಯಬಹುದು. ನಿಮ್ಮ ಕೊರಳಿನ ಲಿಂಗ ಅಲ್ಲಿಯೂ ನಿಮ್ಮೊಡನೆಯೇ ಇರುತ್ತದೆ.

ಇಂಥ ಸಭೆಯನ್ನು ಹುಡುಕುವುದು ಹೇಗೆ? ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ವಿಚಾರಿಸಿರಿ. ವ್ಯಸನಮುಕ್ತಿಗಾಗಿ ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ 14446 ಇದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರು ಊರೂರಲ್ಲಿ ಮದ್ಯವರ್ಜನ ಶಿಬಿರ ನಡೆಸುತ್ತಾರೆ. ಶಿಬಿರ ಮುಗಿಸಿದವರು ಸೇರಿ ಕಟ್ಟಿಕೊಂಡ ನವಜೀವನ ಸಮಿತಿಗಳು ಹಳ್ಳಿಗಳಲ್ಲಿಯೂ ಇವೆ. ಎ.ಎ. ಬಳಗದಲ್ಲಿ ಕುಡಿತದವರಿಗೇ ಮೀಸಲಾದ ಸಭೆಗಳೂ ಉಂಟು, ಎಲ್ಲರಿಗೂ ತೆರೆದ ಸಭೆಗಳೂ ಉಂಟು. ತೆರೆದ ಸಭೆಗೆ ಮನೆಯವರು ಜೊತೆಗೆ ಹೋಗಬಹುದು. ಕುಡಿಯುವವರ ಹೆಂಡತಿ, ತಂದೆತಾಯಿಯರಿಗೆಂದೇ ಅಲ್-ಅನಾನ್ ಎಂಬ ಬೇರೆ ಬಳಗವಿದೆ. ಮೊದಲ ಸಭೆ ಮನಸ್ಸಿಗೆ ಹಿಡಿಸದಿದ್ದರೆ ಮತ್ತೊಂದು ಸಭೆಗೆ ಹೋಗಿರಿ. ಒಮ್ಮೆ ಹೋಗಿ ಬಿಟ್ಟರೆ ಫಲವಿಲ್ಲ. ಅಲ್ಲಿಯ ಹಿರಿಯರೊಬ್ಬರ ಫೋನ್ ನಂಬರು ಪಡೆದಿರಿ. ಆಸೆ ಕೆರಳಿದಾಗ ಸೀಸೆಗೆ ಕೈ ಹಾಕುವ ಮೊದಲು ಅವರಿಗೆ ಕರೆ ಮಾಡಿರಿ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಬಹುಕಾಲ ದಿನವೂ ಹೆಚ್ಚಾಗಿ ಕುಡಿದವನು ಒಮ್ಮೆಲೇ ಬಿಟ್ಟರೆ ಕೈಕಾಲು ನಡುಗಿ, ಫಿಟ್ಸ್ ಬಂದು, ಬುದ್ಧಿ ಭ್ರಮಿಸಿ ಪ್ರಾಣಕ್ಕೇ ಅಪಾಯವಾಗಬಹುದು. ಅದು ಗಾಳಿಯಲ್ಲ, ದೆವ್ವವಲ್ಲ. ಅಂಥವರನ್ನು ಮೊದಲು ವೈದ್ಯರ ಬಳಿಗೆ ಕರೆದೊಯ್ಯಿರಿ, ಸಭೆ ಆಮೇಲೆ.

ಊರ ಹಿರಿಯರಲ್ಲಿ ನಮ್ಮದೊಂದು ಬೇಡಿಕೆ. ಬಿಟ್ಟವನಿಗೆ ಮದುವೆಯಲ್ಲಿ, ಜಾತ್ರೆಯಲ್ಲಿ "ಒಂದೇ ಗುಟುಕು" ಎಂದು ಒತ್ತಾಯಿಸದಂತೆ ನೋಡಿಕೊಳ್ಳಿರಿ. ಕಟ್ಟೆಯ ಮೇಲೆ ಕುಳಿತು "ಎಷ್ಟು ದಿನ ನೋಡೋಣ" ಎಂದು ನಗಬೇಡಿರಿ. ಎಡವಿದವನಿಗೆ ನಾವು ಆಡಿದ ಮಾತನ್ನು ನೀವು ಆಡಬೇಡಿರಿ.

ಆ ರೈತನ ಹೆಂಡತಿ ಇನ್ನೂ ತವರಿನಲ್ಲಿಯೇ ಇದ್ದಾಳೆ. ಮಾರಿದ ಹೊಲ ಮರಳಿಲ್ಲ. ಆದರೂ ಆತ ಪ್ರತಿ ವಾರ ಬಸ್ಸು ಹತ್ತಿ ಸಭೆಗೆ ಹೋಗುತ್ತಾನೆ. ಕಳೆದ ತಿಂಗಳು ಪಕ್ಕದೂರಿನ ಯುವಕನೊಬ್ಬನನ್ನೂ ಜೊತೆಗೆ ಕರೆದೊಯ್ದನಂತೆ. ಶ್ರೀಮಠದ ಮೆಟ್ಟಿಲು ಈಗ ಬಿಟ್ಟವರಿಗೂ ತೆರೆದಿದೆ, ಬಿಡಲಾಗದೆ ಅಳುವವರಿಗೂ ತೆರೆದಿದೆ. ಎಲ್ಲರಿಗೂ ಇಂದಿನ ಒಂದು ದಿನದ ಬಲವನ್ನು ಶಿವನು ಕರುಣಿಸಲಿ ಎಂದು ಹಾರೈಸುತ್ತೇವೆ.