ಮುಖವಿಲ್ಲದ ಕಂಠಗಳು

ಚಿತ್ರಮಂದಿರದ ಕತ್ತಲೆಯಲ್ಲಿ, ಮುಂದೆ ಬರಲಿರುವ ಚಿತ್ರದ ತುಣುಕುಗಳು ಮೂಡುವಾಗ ಗುಡುಗಿನಂತೆ ಮೊಳಗುವ ಧ್ವನಿಯನ್ನು ವಾಚಕರು ಕೇಳಿರಬಹುದು. ಆ ಧ್ವನಿಯ ಒಡೆಯನ ಮುಖವನ್ನು ಕಂಡವರು ಎಷ್ಟು ಮಂದಿ? ಹಾಲಿವುಡ್ಡಿನಲ್ಲಿ ಈ ಉದ್ಯೋಗದ ಚಕ್ರವರ್ತಿಯೆನಿಸಿದ್ದ ಡಾನ್ ಲಾಫಾಂಟೇನ್ 2008ರಲ್ಲಿ ತೀರಿಕೊಂಡರು. 'ಇನ್ ಎ ವರ್ಲ್ಡ್', ಅಂದರೆ 'ಒಂದು ಲೋಕದಲ್ಲಿ', ಎಂಬ ಆರಂಭದ ಮಾತು ಅವರ ಕಂಠದ ಮುದ್ರೆಯೇ ಆಗಿತ್ತು. ಅದನ್ನೇ ಹೆಸರಾಗಿಟ್ಟು, 2013ರಲ್ಲಿ ಲೇಕ್ ಬೆಲ್ ಎಂಬ ನಟಿ ಒಂದು ಹಾಸ್ಯಚಿತ್ರವನ್ನು ತಾವೇ ಬರೆದು, ನಿರ್ದೇಶಿಸಿ, ನಾಯಕಿಯಾಗಿಯೂ ಅಭಿನಯಿಸಿದರು.

ಕಥಾನಾಯಕಿ ಕ್ಯಾರಲ್ ನಟರಿಗೆ ಉಚ್ಚಾರಣೆ ಕಲಿಸಿ ಹೊಟ್ಟೆ ಹೊರೆಯುವವಳು. ತಂದೆ ಈ ಕಂಠವೃತ್ತಿಯ ಘಟಾನುಘಟಿ. ಹೆಣ್ಣುಧ್ವನಿ ಇದಕ್ಕೆ ಸಲ್ಲದೆಂಬುದು ಅವನ ಮತ. ತೆರವಾದ ಸಿಂಹಾಸನಕ್ಕೆ ತಂದೆ, ಮಗಳು, ತಂದೆಯ ಮೆಚ್ಚಿನ ಶಿಷ್ಯ, ಮೂವರೂ ಸ್ಪರ್ಧಿಗಳು! ಕೊನೆಗೆ ಅವಕಾಶ ಮಗಳ ಪಾಲಾಗುತ್ತದೆ. ಆದರೆ ನಿರ್ಮಾಪಕಿ ಮುಖಕ್ಕೆ ಹೊಡೆದಂತೆ ಹೇಳುತ್ತಾಳೆ: ನೀನೇ ಅತ್ಯುತ್ತಮಳೆಂದು ಆರಿಸಿದ್ದಲ್ಲ, ಹೆಣ್ಣಿನ ಕಂಠ ಕೇಳಿಸಲೆಂದು ಆರಿಸಿದ್ದು. ನಗುತ್ತಿದ್ದ ಪ್ರೇಕ್ಷಕ ಅಲ್ಲಿ ಒಂದು ಕ್ಷಣ ತಡೆಯುತ್ತಾನೆ.

ಉಡುಪಿಯ ಸೀಮೆಯವರಿಗೆ ಬರಿಯ ಕಂಠದಿಂದ ಲೋಕವನ್ನು ಕಟ್ಟುವ ವಿದ್ಯೆ ಹೊಸತೇನಲ್ಲ. ಮಳೆಗಾಲದಲ್ಲಿ ಯಕ್ಷಗಾನ ಮೇಳಗಳು ವಿಶ್ರಮಿಸುವಾಗ ಇಲ್ಲಿ ತಾಳಮದ್ದಳೆಯ ಕೂಟಗಳು ಕಳೆಗಟ್ಟುತ್ತವೆ. ಬಣ್ಣವಿಲ್ಲ, ಕಿರೀಟವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡಿ ನಿಲ್ಲಿಸಿದೊಡನೆ, ಪಂಚೆಯುಟ್ಟು ಕುಳಿತ ಅರ್ಥಧಾರಿ ಆ ಗಳಿಗೆಯಲ್ಲಿ ಹೊಳೆದ ಮಾತುಗಳಿಂದಲೇ ಕೃಷ್ಣನಾಗುತ್ತಾನೆ. ಮರುದಿನ ಇನ್ನೊಂದು ಊರಿನಲ್ಲಿ ಆತನೇ ಕೌರವ. ಮಲ್ಪೆಯ ಶಂಕರನಾರಾಯಣ ಸಾಮಗ, ರಾಮದಾಸ ಸಾಮಗ ಸಹೋದರರು ಇದರಲ್ಲಿ ಮನೆಮಾತಾದ ಹೆಸರುಗಳು. ಗಂಡಸರದೇ ಆಗಿದ್ದ ಈ ಕೂಟದಲ್ಲಿ ಈಗ ಮಹಿಳೆಯರ ತಂಡಗಳೂ ಅರ್ಥ ಹೇಳುತ್ತಿವೆ. ಕ್ಯಾರಲಳ ತಂದೆ ಬಂದು ಕೇಳಬೇಕಿತ್ತು!

ವಿಚಿತ್ರವೆಂದರೆ, ಕೃಷ್ಣನ ಸಂಧಾನಕ್ಕೆ ಒಪ್ಪುವ ಈ ಕರಾವಳಿಯ ಉಚ್ಚಾರ, ಬೆಂಗಳೂರಿನ ಚಿತ್ರಗಳಲ್ಲಿ ಬಹುಕಾಲ ಅಡುಗೆಭಟ್ಟನಿಗೂ ಹೋಟೆಲಿನ ಮಾಣಿಗೂ ಮೀಸಲಾಗಿತ್ತು. ಬಾಯಿ ತೆರೆದರೆ ಸಾಕು, ನಗೆ. ಉಡುಪಿಯವರಾದ ರಕ್ಷಿತ್ ಶೆಟ್ಟಿ 2014ರಲ್ಲಿ 'ಉಳಿದವರು ಕಂಡಂತೆ' ಚಿತ್ರದಲ್ಲಿ ಮಲ್ಪೆಯ ಕಡಲತಡಿಯ ಮಾತನ್ನು ಗಂಭೀರವಾಗಿಯೇ ಕೇಳಿಸಿದರು. 2017ರ 'ಒಂದು ಮೊಟ್ಟೆಯ ಕಥೆ' ಹಾಸ್ಯಚಿತ್ರವೇ ಹೌದು. ಆದರೆ ಅಲ್ಲಿ ನಗೆ ಹುಟ್ಟುವುದು ನಾಯಕನ ಬೋಳುತಲೆಯ ಸಂಕಟದಿಂದ, ಅವನ ಮಂಗಳೂರು ಕನ್ನಡದಿಂದಲ್ಲ. ಈ ಭೇದ ಚಿಕ್ಕದಲ್ಲ.

2022ರಲ್ಲಿ 'ಕಾಂತಾರ' ಬಂದಿತು. ರಿಷಬ್ ಶೆಟ್ಟಿ ತಮ್ಮ ಹುಟ್ಟೂರಾದ ಕೆರಾಡಿಯಲ್ಲಿ ಚಿತ್ರೀಕರಿಸಿದ ಈ ಕಥೆಯ ಕುಂದಾಪುರದ ಮಾತನ್ನು ಕರ್ನಾಟಕವೆಲ್ಲ ಕಿವಿಗೊಟ್ಟು ಕೇಳಿತು. ಹಿಂದಿ, ತೆಲುಗು, ತಮಿಳು, ಮಲಯಾಳಗಳಲ್ಲಿ ಬೇರೆ ಕಂಠಗಳು ಅದಕ್ಕೆ ಜೀವ ಕೊಟ್ಟವು. ಕಾಪು, ಕಾರ್ಕಳಗಳಲ್ಲಿ ಪಂಜುರ್ಲಿಯನ್ನು ನಂಬಿ ನಡೆವ ಅದೆಷ್ಟೋ ಮನೆಗಳ ಮಾತು ತುಳು. ಆ ನುಡಿಯ ಕಂಠದಾನ ಮಾತ್ರ ಎಲ್ಲಕ್ಕೂ ಹಿಂದೆ ಬಿದ್ದು, ಡಿಸೆಂಬರಿನಲ್ಲಿ ತೆರೆ ಕಂಡಿತು.